ಕಾರ್ಪೊರಲ್ ಬರೆದುಕೊಳ್ಳದ ಮಾತು

ಜೂನ್ ಒಂಬತ್ತು, ಮಂಗಳವಾರ, ಬೆಳಿಗ್ಗೆ ಐದು ಮುಕ್ಕಾಲು ಗಂಟೆ. ಬೆಥೆಲ್ ರಿಜ್ ಊರಿನ ಮೇಲಿನ ರಸ್ತೆಯಲ್ಲಿ, ಕಾರ್ಲ್ಟನ್ ಸ್ಯೂವೆಲ್ ಅವರ ಗೇಟಿನಿಂದ ಇಪ್ಪತ್ತು ಹೆಜ್ಜೆ ಆಚೆ, ಐವತ್ತೆಂಟು ವರ್ಷದ ಇಸಿಲ್ಡಾ ಟುಲಕ್ ಪೊಲೀಸರಿಗೆ ಸಿಕ್ಕಳು. ಅವಳ ತಲೆಯ ಮೇಲಿದ್ದ ಗೋಣಿಚೀಲದಲ್ಲಿ ಹನ್ನೊಂದು ದೀವಿಹಲಸಿನ ಕಾಯಿಗಳಿದ್ದವು. ಕೈಯಲ್ಲಿ ಕೊಕ್ಕೆ ಕಟ್ಟಿದ ಬಿದಿರಿನ ಗಳವಿತ್ತು.

ಪೊಲೀಸರು ಎಂದರೆ ಒಬ್ಬನೇ, ಕಾರ್ಪೊರಲ್ ಲೆನ್‌ವರ್ತ್ ಡೇಕ್ರಸ್. ಎರಡು ವಾರದಿಂದ ಬೆಳಗಿನ ಹೊತ್ತು ಆ ರಸ್ತೆಯಲ್ಲಿ ನಿಲ್ಲುವುದು ಅವನ ಪಾಲಿಗೆ ಬಂದಿತ್ತು. ಸ್ಯೂವೆಲ್ ಕೊಟ್ಟ ದೂರುಗಳೇ ಒಂದು ಫೈಲು ತುಂಬಿದ್ದವು. ಮೊದಲು ಬಾಳೆಗೊನೆ ಹೋಗಿತ್ತು. ಆಮೇಲೆ ಮೇಕೆ. ಏಪ್ರಿಲ್‌ನಲ್ಲಿ ತೊಂಬತ್ತು ಗುಡ್ಡೆ ಹೆಗ್ಗೆಣಸನ್ನು ಯಾರೋ ಬುಡಸಮೇತ ಅಗೆದು ಒಯ್ದಿದ್ದರು. ಹತ್ತು ದಿನದ ನಂತರ ಗ್ಲಾಸ್‌ಫರ್ಡ್ ಎಂಬುವನು ವ್ಯಾನಿನ ತುಂಬಾ ಗೆಣಸು ಹಾಕಿಕೊಂಡು ಹೋಗುತ್ತಿದ್ದಾಗ ಅವನನ್ನು ಹಿಡಿದದ್ದು ಡೇಕ್ರಸ್‌ನೇ. ಹತ್ತು ವರ್ಷದ ನೌಕರಿಯಲ್ಲಿ ಹೇಳಿಕೊಳ್ಳುವಂಥ ಕೇಸು ಅವನಿಗೆ ಅದೊಂದೇ.

"ಗುಡ್ ಮಾರ್ನಿಂಗ್, ಮಿಸ್ ಸಿಲ್ಡಾ. ಚೀಲದಲ್ಲಿ ಏನು?"

"ಕಣ್ಣು ಕಾಣ್ಸಲ್ವಾ ಮಗ? ದೀವಿಹಲಸು."

"ರಸೀದಿ ಇದ್ಯಾ?"

ಬೆಳೆ ಸಾಗಿಸುವವರ ಕೈಯಲ್ಲಿ ಬೆಳೆದವರು ಬರೆದುಕೊಟ್ಟ ರಸೀದಿ ಇರಬೇಕೆಂಬುದು ಕಾನೂನು. ಇಸಿಲ್ಡಾ ಚೀಲವನ್ನು ಇಳಿಸಿ ರಸ್ತೆಯ ಕಟ್ಟೆಯ ಮೇಲಿಟ್ಟಳು.

"ನನ್ನ ಮರದ ಕಾಯಿಗೆ ನಾನೇ ನನಗೆ ರಸೀದಿ ಬರ್ಕೊಡ್ಲಾ?"

ಅಷ್ಟರಲ್ಲಿ ಸ್ಯೂವೆಲ್ ಬಂದರು. ಎಪ್ಪತ್ತೊಂದು ವರ್ಷದ ಮನುಷ್ಯ. ಪೈಜಾಮದ ಮೇಲೆ ರಬ್ಬರ್ ಬೂಟು. ಹತ್ತೊಂಬತ್ತನೇ ವಯಸ್ಸಿಗೆ ಜಮೈಕಾ ಬಿಟ್ಟು ಇಂಗ್ಲೆಂಡಿಗೆ ಹೋಗಿ, ಬರ್ಮಿಂಗ್‌ಹ್ಯಾಮ್‌ನಲ್ಲಿ ಜೀವಮಾನವೆಲ್ಲ ಬಸ್ಸು ಓಡಿಸಿ, ಎರಡು ವರ್ಷದ ಹಿಂದೆ ಇಲ್ಲಿ ಜಮೀನು ಕೊಂಡು ಹಿಂತಿರುಗಿದವರು. ಮಾರಿದವನು ಇಸಿಲ್ಡಾಳ ಮಲತಮ್ಮ ವಿನ್‌ರಾಯ್. ಕಾಗದ ಅವನ ಹೆಸರಿನಲ್ಲಿತ್ತು. ಹಣ ತೆಗೆದುಕೊಂಡು ಫ್ಲಾರಿಡಾಕ್ಕೆ ಹೋದವನು ಅಕ್ಕನಿಗೆ ಫೋನು ಮಾಡುವುದನ್ನೂ ಬಿಟ್ಟಿದ್ದ.

"ಇವ್ರೇ," ಎಂದರು ಸ್ಯೂವೆಲ್. "ತಂತಿ ಕೆಳಗಿಂದ ನುಸುಳಿ ಬಂದಿದ್ದನ್ನ ಕಿಟಕಿಯಿಂದ ನೋಡಿದೀನಿ. ಆಫೀಸರ್, ಈ ಸಲ ಬುದ್ಧಿ ಹೇಳಿ ಕಳಿಸೋದು ಬೇಡ. ಊರಿಗೆಲ್ಲ ನಾನೊಬ್ಬ ಪೆಕರ ಆಗ್ಬಿಟ್ಟಿದೀನಿ."

"ಮಾಸ್ ಕಾರ್ಲ್ಟನ್, ನಿಮ್ಮ ತಂತಿ ನಿಮ್ಮ ಗೆಣಸಿಗೆ ಹಾಕಿದ್ದು," ಎಂದಳು ಇಸಿಲ್ಡಾ, ಊರ ಹಿರಿಯರನ್ನು ಗೌರವದಿಂದ ಕರೆಯುವ ಹಾಗೆ. "ನನ್ನ ಮರ ಒಳಗಡೆ ಸಿಕ್ಹಾಕ್ಕೊಂಡಿದೆ, ಅಷ್ಟೇ."

ಡೇಕ್ರಸ್ ಜೇಬಿನಿಂದ ನೋಟ್‌ಬುಕ್ ತೆಗೆದ. ಆಪಾದಿತರಿಗೆ ಕೊಡಬೇಕಾದ ಎಚ್ಚರಿಕೆಯನ್ನು ಬಾಯಿಪಾಠದಿಂದ ಒಪ್ಪಿಸಿದ: ನೀವು ಏನನ್ನೂ ಹೇಳಲೇಬೇಕೆಂಬ ಕಡ್ಡಾಯವಿಲ್ಲ, ಹೇಳಿದ್ದನ್ನೆಲ್ಲ ಬರೆದುಕೊಳ್ಳಲಾಗುವುದು, ಅದನ್ನು ಸಾಕ್ಷ್ಯವಾಗಿ ಬಳಸಬಹುದು. ಇಸಿಲ್ಡಾ ಪೂರ್ತಿ ಕೇಳಿಸಿಕೊಂಡಳು.

"ಹೌದು, ನಾನೇ ಕಿತ್ತೆ," ಎಂದಳು. "ಮರ ನಂದು. ನನ್ನ ಹೊಕ್ಕುಳಬಳ್ಳಿ ಅದ್ರ ಬುಡದಲ್ಲಿದೆ. ನಾನು ಹುಟ್ಟಿದ ವಾರ ಅವ್ವ ಹೂತು, ಮೇಲೆ ಸಸಿ ನೆಟ್ಟಿದ್ದು."

ಡೇಕ್ರಸ್ ಬರೆದ: 'ಎಚ್ಚರಿಕೆ ನೀಡಿದ ಮೇಲೆ ಆಕೆ ಹೇಳಿದ್ದು: ಹೌದು, ನಾನೇ ಕಿತ್ತೆ.' ಗಂಟೆ ನಮೂದಿಸಿದ, ಸಹಿ ಹಾಕಿದ, ಪುಸ್ತಕ ಮುಚ್ಚಿದ.

ಉಳಿದದ್ದನ್ನು ಬೇಕೆಂದೇ ಬಿಟ್ಟನೆ ಎಂದು ಆಮೇಲೆ ಅವನು ತನ್ನನ್ನು ತಾನೇ ಎಷ್ಟೋ ಸಲ ಕೇಳಿಕೊಂಡ. ಬೇಕೆಂದು ಬಿಟ್ಟಿರಲಿಲ್ಲ. ಅದು ಬರೆದುಕೊಳ್ಳುವ ಮಾತು ಎಂದೇ ಅವನಿಗೆ ಹೊಳೆದಿರಲಿಲ್ಲ. ಬೆಟ್ಟದ ಊರುಗಳಲ್ಲಿ ಯಾರ ಹೊಕ್ಕುಳಬಳ್ಳಿ ಯಾವ ಮರದ ಕೆಳಗಿದೆ ಎಂದು ಎಲ್ಲರಿಗೂ ಗೊತ್ತಿರುತ್ತದೆ. ಆ ಮರ ಆ ಮಗುವಿನದು. ಡೇಕ್ರಸ್‌ನದು ತಾಯಿಯ ಹಿತ್ತಿಲಲ್ಲಿದ್ದ ತೆಂಗು. ಚಂಡಮಾರುತದಲ್ಲಿ ಅದರ ತಲೆ ಮುರಿದುಬಿದ್ದ ದಿನ, ಲೈನು ಸಿಕ್ಕ ಕೂಡಲೇ ತಾಯಿ ಫೋನು ಮಾಡಿ, ಮನೆಯ ತಗಡು ಹಾರಿದ್ದನ್ನು ಹೇಳುವುದಕ್ಕೂ ಮೊದಲು ಅವನ ಆರೋಗ್ಯ ವಿಚಾರಿಸಿದ್ದಳು. ಎದುರಿಗೆ ಸಿಕ್ಕವರು ಇವತ್ತು ಸೆಖೆ ಎಂದರೆ ಯಾವ ಪೊಲೀಸನೂ ಅದನ್ನು ನೋಟ್‌ಬುಕ್ಕಿಗೆ ಇಳಿಸುವುದಿಲ್ಲ. ಇದೂ ಹಾಗೆಯೇ ಕಿವಿಗೆ ಬಿದ್ದು ಹೋಗಿತ್ತು.

ಬೆಳೆ ಕಳ್ಳತನದ ಕೇಸು ದಾಖಲಾಯಿತು. ಇಸಿಲ್ಡಾ ಠಾಣೆಯಲ್ಲೇ ಜಾಮೀನು ಬರೆದುಕೊಟ್ಟು, ಒಂದೂವರೆ ಗಂಟೆ ತಡವಾಗಿ ಕೆಲಸಕ್ಕೆ ಹೋದಳು. ಅವಳು ಇಪ್ಪತ್ತಾರು ವರ್ಷದಿಂದ ಊರಿನ ಪ್ರೈಮರಿ ಶಾಲೆಯ ಅಡುಗೆಯವಳು. ಆ ದಿನ ಮಕ್ಕಳಿಗೆ ಜೋಳದ ಗಂಜಿ ಸಿಕ್ಕಲಿಲ್ಲ. ಹನ್ನೊಂದು ಕಾಯಿಗಳಿಗೆ ಚೀಟಿ ಕಟ್ಟಿ ಠಾಣೆಯ ಉಗ್ರಾಣದಲ್ಲಿಟ್ಟರು. ನಾಲ್ಕನೇ ದಿನಕ್ಕೆ ಹಣ್ಣಾಗಿ ವಾಸನೆ ಹೊಡೆಯತೊಡಗಿದ ಮೇಲೆ ಫೋಟೊ ತೆಗೆದು ಹಂದಿಗೆ ಹಾಕಿದರು.

ಜುಲೈ ಮೊದಲ ವಾರ ಶಾಲೆಯ ಆಡಳಿತ ಮಂಡಳಿಯಿಂದ ಅವಳಿಗೆ ಕಾಗದ ಬಂತು. ಸಂಬಳದ ನೌಕರರೆಲ್ಲರೂ ವರ್ಷಕ್ಕೊಮ್ಮೆ ಪೊಲೀಸ್ ಪ್ರಮಾಣಪತ್ರ ಸಲ್ಲಿಸಬೇಕು. ಅಪ್ರಾಮಾಣಿಕತೆಯ ಅಪರಾಧ ಸಾಬೀತಾದವರಿಗೆ ಉಗ್ರಾಣದ ಬೀಗದಕೈ ಕೊಡಲು ಬರುವುದಿಲ್ಲ. ತೀರ್ಪು ಬರುವವರೆಗೆ ಕೆಲಸ ಮುಂದುವರಿಯಬಹುದು.

*

ಸರ್ಕಾರಿ ನೆರವಿನ ವಕೀಲೆ ಪೆಟ್ರೀನ್ ಲಿಂಡೋ ಸೆಪ್ಟೆಂಬರ್ ಕೊನೆಯಲ್ಲಿ ಠಾಣೆಗೆ ಬಂದು ಕಾಗದಗಳ ಪ್ರತಿ ಕೇಳಿದಳು. ಡೇಕ್ರಸ್‌ನ ಹೇಳಿಕೆಯನ್ನು ಕೌಂಟರಿನ ಮುಂದೆ ನಿಂತೇ ಎರಡು ಸಲ ಓದಿದಳು.

"ಕಾರ್ಪೊರಲ್, ಆಕೆ ಇಷ್ಟೇ ಹೇಳಿದ್ದಾ?"

"ಪುಸ್ತಕದಲ್ಲಿ ಏನಿದೆಯೋ ಅದಿದೆ, ಮಿಸ್."

"ಪುಸ್ತಕದಲ್ಲಿ ಏನಿದೆ ಅಂತ ಓದ್ಕೊಂಡೆ. ನಾನು ಕೇಳಿದ್ದು ಅದಲ್ಲ." ಅವಳು ಕಾಗದಗಳನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು. "ಮರ ತನ್ನದು ಅಂತ ಅಲ್ಲೇ, ಆಗಲೇ ಹೇಳ್ದೆ ಅಂತಾರೆ ಆಕೆ. ಹೇಳಿದ್ರೆ ಒಂದು ದಾರಿ ಇದೆ. ಹೇಳಿಲ್ಲ ಅಂದ್ರೆ, ತಿಂಗಳುಗಟ್ಟಲೆ ಯೋಚನೆ ಮಾಡಿ ವಕೀಲೆ ಕಟ್ಟಿಕೊಟ್ಟ ಕಥೆ ಅಂತಾರೆ. ನಾನು ಆ ಕಡೆ ಇದ್ದಿದ್ರೆ ನಾನೂ ಹಾಗೇ ಅಂತಿದ್ದೆ."

ಅವಳು ಹೋದ ಮೇಲೆ ಡೇಕ್ರಸ್ ಟ್ರೇನಿಂಗಿನ ಕಾಲದ ಕೈಪಿಡಿಯನ್ನು ಕಪಾಟಿನಿಂದ ಇಳಿಸಿದ. ಕಳ್ಳತನದ ವ್ಯಾಖ್ಯೆ ಅವನಿಗೆ ಬಾಯಿಗೆ ಬರುತ್ತಿತ್ತು, ಪರೀಕ್ಷೆಗೆ ಓದಿದ್ದು. ಒಡೆಯನ ಒಪ್ಪಿಗೆಯಿಲ್ಲದೆ, ಮೋಸದಿಂದ, ಸದ್ಭಾವನೆಯ ಹಕ್ಕಿನ ನಂಬಿಕೆಯಿಲ್ಲದೆ ತೆಗೆದುಕೊಂಡು ಹೋಗುವುದು. ಮೂರನೆಯ ತುಂಡನ್ನು ಅವನು ಯಾವತ್ತೂ ನಿಂತು ಯೋಚಿಸಿರಲಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ ವಿವರಣೆಯಿತ್ತು: ನಂಬಿಕೆ ಕಾನೂನಿನ ದೃಷ್ಟಿಯಲ್ಲಿ ತಪ್ಪಾಗಿದ್ದರೂ ಸರಿ, ಪ್ರಾಮಾಣಿಕವಾಗಿದ್ದರೆ ಸಾಕು. ಆ ವಸ್ತು ತನ್ನದೆಂದು ನಿಜವಾಗಿ ನಂಬಿದವನು ಕಳ್ಳನಲ್ಲ. ಸಿಕ್ಕಿದ ಕ್ಷಣದಲ್ಲಿ ಆಪಾದಿತ ಹೇಳಿದ ಮಾತಿಗೆ ಇಲ್ಲಿ ಹೆಚ್ಚಿನ ತೂಕವಿರುತ್ತದೆ.

ಸಾರ್ಜೆಂಟ್ ಗೇಲ್ ಕಿಟಕಿಯ ಹತ್ತಿರ ಕುಳಿತು ಬನ್ನು ಚೀಸು ತಿನ್ನುತ್ತಿದ್ದ. ಡೇಕ್ರಸ್ ನಡೆದದ್ದನ್ನು ಹೇಳಿದ. ಸಾರ್ಜೆಂಟ್ ಮೊದಲು ಬನ್ನು ತಿಂದು ಮುಗಿಸಿದ.

"ಹೊಕ್ಕುಳಬಳ್ಳಿ," ಎಂದ ಕೊನೆಗೆ. "ನಂದು ಒಂದು ಮಾವಿನ ಮರದ ಕೆಳಗಿದೆ. ಅದ್ರ ಮೇಲೆ ಈಗ ಹೋಟ್ಲಿನವರು ಈಜುಕೊಳ ಕಟ್ಟಿದಾರೆ. ಹೋಗಿ ಸ್ನಾನ ಮಾಡ್ಲಾ?"

"ಸಾರ್ಜ್, ಆಯಮ್ಮ ಹೇಳಿದ್ದು ನಿಜ. ನಾನು ಬರ್ಕೊಂಡಿಲ್ಲ."

"ಸುಳ್ಳು ಹೇಳು ಅಂತ ನಾನು ಹೇಳಲ್ಲ, ಡೇಕ್ರಸ್. ಪುಸ್ತಕ ತಿದ್ದು ಅಂತಾನೂ ಹೇಳಲ್ಲ, ಪುಟಕ್ಕೆ ನಂಬರಿದೆ. ಕೇಳದೇ ಇರೋದಕ್ಕೆ ಉತ್ತರ ಕೊಡ್ಬೇಡ, ಅಷ್ಟೇ." ಅವನು ಅಂಗಿಯ ಮೇಲೆ ಬಿದ್ದ ಚೂರುಗಳನ್ನು ಕೊಡವಿದ. "ಗ್ಲಾಸ್‌ಫರ್ಡ್ ಕೇಸಲ್ಲಿ ನಮ್ಮ ಕೈಲಿ ಏನಿದೆ? ಗೆಣಸಿನ ಮೇಲೆ ಹೆಸರು ಬರ್ದಿರುತ್ತಾ? 'ಸ್ಯೂವೆಲ್ ಗುಡ್ಡದ್ದು' ಅಂತ ಅವನ ಬಾಯಲ್ಲಿ ಬಂದಿದ್ದು ನಿನ್ನ ಪುಸ್ತಕದಲ್ಲಿ ಮಾತ್ರ ಇದೆ. ಕೇಳಿದ್ದನ್ನೆಲ್ಲ ನಾನು ಬರ್ಕೊಳಲ್ಲ ಅಂತ ನೀನು ಪ್ರಮಾಣ ಮಾಡಿ ಹೇಳಿದ ದಿನ, ಆ ಪುಸ್ತಕ ಅಂಗಡಿ ಪೊಟ್ಟಣ ಕಟ್ಟೋಕೆ ಹೋಗುತ್ತೆ."

ಅದು ನಿಜವೆಂದು ಡೇಕ್ರಸ್‌ಗೂ ಗೊತ್ತಿತ್ತು.

ಅಕ್ಟೋಬರ್‌ನಲ್ಲಿ ಒಂದು ಮಧ್ಯಾಹ್ನ ಶಾಲೆಯ ಮುಂದೆ ಮಕ್ಕಳನ್ನು ರಸ್ತೆ ದಾಟಿಸುವ ಪಾಳಿ ಅವನಿಗೆ ಬಂತು. ಇಸಿಲ್ಡಾ ಅಡುಗೆಮನೆಯ ಬಾಗಿಲಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದಳು. ಅವನನ್ನು ನೋಡಿಯೂ ಎದ್ದು ಒಳಗೆ ಹೋಗಲಿಲ್ಲ.

"ಮಿಸ್ ಸಿಲ್ಡಾ, ಕೇಸಿನ ವಿಷಯ ನಾನು ನಿಮ್ಮ ಹತ್ರ ಮಾತಾಡೋ ಹಾಗಿಲ್ಲ."

"ಯಾರು ಕೇಸಿನ ವಿಷಯ ಎತ್ತಿದ್ರು? ಬಿಸಿಲಲ್ಲಿ ನಿಂತಿದ್ದೀಯ, ನೀರು ಬೇಕಾ ಅಂತ ಕೇಳೋಣ ಅಂತಿದ್ದೆ." ಒಂದು ಹಿಡಿ ಕಾಳನ್ನು ಬೋಗುಣಿಗೆ ಸುರಿದಳು. "ವಕೀಲಮ್ಮ ಹೇಳಿದ್ಲು, ತಪ್ಪಾಯ್ತು ಅಂತ ಒಪ್ಕೊಂಡ್ರೆ ಜಡ್ಜಮ್ಮ ಸಣ್ಣ ದಂಡ ಹಾಕಿ ಬಿಡಬಹುದಂತೆ. ನನ್ನ ಮರದ ಕಾಯಿ ನಾನೇ ಕದ್ದೆ ಅಂತ ಹೇಳ್ಬೇಕಂತೆ. ಆಮೇಲೆ ಈ ಬೀಗದಕೈ ಶಾಲೆ ಮಂಡಳಿ ಪಾದ್ರಿ ಕೈಗೆ ಕೊಟ್ಟು ಮನೆಗೆ ಹೋಗ್ಬೇಕಂತೆ. ಎಷ್ಟು ಅಗ್ಗ ನೋಡು."

ಡೇಕ್ರಸ್ ಅವಳು ತಂದುಕೊಟ್ಟ ನೀರು ಕುಡಿದು ಲೋಟ ಹಿಂದಕ್ಕೆ ಕೊಟ್ಟ.

"ಆ ದಿನ ಅಷ್ಟು ಉದ್ದ ಎಚ್ಚರಿಕೆ ಹೇಳ್ದೆ," ಎಂದಳು ಅವಳು. "ಹೇಳಿದ್ದನ್ನೆಲ್ಲ ಬರ್ಕೋತೀನಿ ಅಂದೆ. ಪೊಲೀಸು ಬರ್ಕೊಂಡ ಅಂತ ನಾನು ನೆಮ್ಮದಿಯಾಗಿದ್ದೆ, ಮಗ."

*

ನವೆಂಬರ್ ಹದಿನೆಂಟು, ಬುಧವಾರ. ಪ್ಯಾರಿಷ್ ಕೋರ್ಟಿನಲ್ಲಿ, ಅಂದರೆ ಜಿಲ್ಲಾ ಕೋರ್ಟಿನಲ್ಲಿ, ಫ್ಯಾನು ಕೆಟ್ಟಿತ್ತು, ಕಿಟಕಿಗಳನ್ನೆಲ್ಲ ತೆರೆದಿಟ್ಟಿದ್ದರು. ಹೊರಗೆ ಮಾರ್ಕೆಟ್ಟಿನ ಟ್ಯಾಕ್ಸಿಗಳು ಹಾರ್ನ್ ಹೊಡೆದಾಗಲೆಲ್ಲ ನ್ಯಾಯಾಧೀಶೆ ಪೆನ್ನು ಎತ್ತಿ ಕಾಯುತ್ತಿದ್ದರು.

ಮೊದಲು ಸ್ಯೂವೆಲ್ ಸಾಕ್ಷಿ ಕಟ್ಟೆ ಹತ್ತಿದರು. ಕ್ರಯಪತ್ರ ತೋರಿಸಿದರು, ಸರ್ವೆ ನಕ್ಷೆ ತೋರಿಸಿದರು. ಮರ ತಂತಿಯಿಂದ ಹದಿನೇಳು ಅಡಿ ಒಳಗಿದೆ. ಅವರು ಏನನ್ನೂ ಹೆಚ್ಚಿಸಿ ಹೇಳಲಿಲ್ಲ. ಆಕೆ ಓಡಲಿಲ್ಲ ಎಂದೂ, ಕಾಯಿ ಅಡಗಿಸಲಿಲ್ಲ ಎಂದೂ ತಾವಾಗಿಯೇ ಹೇಳಿದರು. ರಸ್ತೆಯಲ್ಲಿ ಆಕೆ ಆಡಿದ ಮಾತು ಮಾತ್ರ ಆಗಿನ ಸಿಟ್ಟಿನಲ್ಲಿ ತಮಗೆ ನೆನಪುಳಿದಿಲ್ಲ ಎಂದರು.

ಲಿಂಡೋ ಎದ್ದಳು. "ಮಿಸ್ಟರ್ ಸ್ಯೂವೆಲ್, ನಿಮಗಿಂತ ಹಿಂದೆ ಆ ಮರದ ಕಾಯಿ ಯಾರು ಕೀಳ್ತಿದ್ರು?"

"ನಂಗೆ ಗೊತ್ತಿಲ್ಲ."

"ನಿಮ್ಮ ಮನೆ ಕಟ್ಟುವಾಗ ಗಾರೆ ಕೆಲಸದವರಿಗೆ ಈಕೆ ಕಾಯಿ ಸುಟ್ಟು ತಂದುಕೊಟ್ಟಿದ್ದು ಗೊತ್ತಾ?"

"ಮೇಸ್ತ್ರಿ ಹೇಳಿದ್ದ. ಒಳ್ಳೆ ನೆರೆಯವರು ಸಿಕ್ರು ಅಂದ್ಕೊಂಡೆ. ಯಾವ ಮರದ್ದು ಅಂತ ಕೇಳಲಿಲ್ಲ." ಹಿಂದಿನ ಬೆಂಚುಗಳಲ್ಲಿ ಯಾರೋ ನಕ್ಕರು.

"ನಿಮ್ಮ ಹೊಕ್ಕುಳಬಳ್ಳಿ ಎಲ್ಲಿದೆ, ಸರ್?"

ಸರ್ಕಾರಿ ವಕೀಲ ಎದ್ದು, ಇದಕ್ಕೂ ಕೇಸಿಗೂ ಏನು ಸಂಬಂಧ ಎಂದ. ನ್ಯಾಯಾಧೀಶೆ ಕೈಸನ್ನೆಯಿಂದ ಅವನನ್ನು ಕೂರಿಸಿದರು. ಸ್ಯೂವೆಲ್ ಕೈಯಲ್ಲಿದ್ದ ನಕ್ಷೆಯನ್ನು ಮಡಿಸಿದರು.

"ಬೇರೆ ಪ್ಯಾರಿಷ್‌ನಲ್ಲಿ. ಒಂದು ಬೆಣ್ಣೆಹಣ್ಣಿನ ಮರದ ಕೆಳಗೆ. ಬಂದ ವರ್ಷ ನೋಡೋಕೆ ಹೋಗಿದ್ದೆ. ಯಾರೋ ಗ್ಯಾರೇಜು ಕಟ್ಟಿದಾರೆ."

"ಹೋಗಿ ಹಣ್ಣು ಕೇಳಿದ್ರಾ?"

"ಮರಾನೇ ಇಲ್ಲ, ಮಿಸ್. ಏನು ಕೇಳ್ಲಿ?"

ಆಮೇಲೆ ಡೇಕ್ರಸ್. ಅವನು ಪುಸ್ತಕ ತೆರೆದು ಓದಿದ. ದಿನ, ಗಂಟೆ, ಸ್ಥಳ, ಹನ್ನೊಂದು ಕಾಯಿ, ಕೊಕ್ಕೆ ಕಟ್ಟಿದ ಒಂದು ಗಳ. ಎಚ್ಚರಿಕೆ ನೀಡಿದ ಮೇಲೆ ಆಕೆ ಹೇಳಿದ್ದು: ಹೌದು, ನಾನೇ ಕಿತ್ತೆ. ಸರ್ಕಾರಿ ವಕೀಲ ಥ್ಯಾಂಕ್ಸ್ ಹೇಳಿ ಕುಳಿತ. ಮೂರು ನಿಮಿಷವೂ ಹಿಡಿಯಲಿಲ್ಲ.

ಲಿಂಡೋ ತಕ್ಷಣ ಏಳಲಿಲ್ಲ. ಅವಳು ಇಸಿಲ್ಡಾಳ ಕಡೆ ಬಾಗಿದ್ದನ್ನು, ಇಸಿಲ್ಡಾ ಏನೋ ಹೇಳಿದ್ದನ್ನು, ಲಿಂಡೋ ಬೇಡವೆಂದು ತಲೆಯಾಡಿಸಿದ್ದನ್ನು ಡೇಕ್ರಸ್ ಕಟ್ಟೆಯಿಂದ ಕಂಡ. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಎದುರು ಪಕ್ಷದ ಸಾಕ್ಷಿಗೆ ಯಾವ ವಕೀಲರೂ ಕೇಳುವುದಿಲ್ಲ. ಇಲ್ಲ ಎಂಬ ಉತ್ತರ ಬಂದರೆ ಕೇಸು ಅಲ್ಲಿಗೇ ಮುಗಿಯಿತು. ಇಸಿಲ್ಡಾ ಮತ್ತೆ ಏನೋ ಹೇಳಿದಳು. ಈ ಸಲ ಅವನ ಕಡೆಗೇ ನೋಡುತ್ತ. ಲಿಂಡೋ ಎದ್ದಳು.

"ಕಾರ್ಪೊರಲ್ ಡೇಕ್ರಸ್. ಪುಸ್ತಕ ಮುಚ್ಚಿ ಪಕ್ಕಕ್ಕಿಡಿ. ಆ ದಿನ ಬೆಳಿಗ್ಗೆ ರಸ್ತೆಯಲ್ಲಿ ಈಕೆ ನಿಮಗೆ ಬೇರೆ ಏನಾದ್ರೂ ಹೇಳಿದ್ರಾ?"

ಡೇಕ್ರಸ್ ಪುಸ್ತಕ ಮುಚ್ಚಿದ. ಹಿಂದಿನ ಬೆಂಚಿನಲ್ಲಿ ಸಾರ್ಜೆಂಟ್ ಗೇಲ್ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದ. ನೆನಪಿಲ್ಲ ಎನ್ನಬಹುದಿತ್ತು. ಐದು ತಿಂಗಳ ಹಿಂದಿನ ಮಾತು ನೆನಪಿಲ್ಲ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ.

"ಹೇಳಿದ್ರು," ಎಂದ.

"ಏನಂತ?"

"ಮರ ನಂದು ಅಂದ್ರು. ನನ್ನ ಹೊಕ್ಕುಳಬಳ್ಳಿ ಅದ್ರ ಬುಡದಲ್ಲಿದೆ, ನಾನು ಹುಟ್ಟಿದ ವಾರ ಅವ್ವ ಹೂತು ಸಸಿ ನೆಟ್ಟಿದ್ದು ಅಂದ್ರು. ಎಚ್ಚರಿಕೆ ಕೊಟ್ಟ ಮೇಲೆ. ಅದೇ ಉಸಿರಿನಲ್ಲಿ."

ನ್ಯಾಯಾಧೀಶೆ ಬರೆಯುವುದನ್ನು ನಿಲ್ಲಿಸಿದರು. "ಕಾರ್ಪೊರಲ್, ಇದನ್ನ ಯಾಕೆ ಬರೆದುಕೊಳ್ಳಲಿಲ್ಲ?"

"ಎಲ್ಲರೂ ಹೇಳೋ ಮಾತು ಅದು, ಯುವರ್ ಆನರ್. ವಿಶೇಷ ಅನ್ನಿಸಲಿಲ್ಲ."

"ಅರ್ಧ ವಾಕ್ಯ ಬರ್ಕೊಂಡು ಅರ್ಧ ಬಿಟ್ರಿ."

"ಹೌದು, ಯುವರ್ ಆನರ್."

"ಯಾವ ಅರ್ಧ ಬರ್ಕೊಂಡ್ರಿ ಅನ್ನೋದನ್ನೂ ನೋಡಿ." ಅವರು ದನಿ ಏರಿಸಲಿಲ್ಲ. ಆ ಮಾತನ್ನೂ ಬರೆದುಕೊಂಡರು.

ಕೊನೆಗೆ ಇಸಿಲ್ಡಾ ಕಟ್ಟೆ ಹತ್ತಿದಳು. ಚರ್ಚಿಗೆ ಹಾಕುವ ನೀಲಿ ಟೋಪಿ ಹಾಕಿಕೊಂಡು ಬಂದಿದ್ದಳು. ಮರ ತನ್ನದೆಂದೂ, ತಾನು ನಡೆದಾಡುವಷ್ಟು ಆದಾಗಿನಿಂದ ಅದರ ಕಾಯಿ ತಿಂದವಳೆಂದೂ ಹೇಳಿದಳು. ವಿನ್‌ರಾಯ್ ಜಮೀನು ಮಾರಿದ್ದು ಗೊತ್ತು. ಜಮೀನು ಅವನದು, ಮಾರಿದ. ಮರ ಅವನದಲ್ಲ, ಅವನು ಹೇಗೆ ಮಾರುತ್ತಾನೆ?

"ನಿಮ್ಮದೇ ಆದ್ರೆ ತಂತಿ ಕೆಳಗೆ ಯಾಕೆ ನುಸುಳಿದ್ರಿ?" ಸರ್ಕಾರಿ ವಕೀಲ ಕೇಳಿದ. "ಗೇಟಿತ್ತಲ್ಲ?"

"ಗೇಟಿಗೆ ಬೀಗ. ಬೀಗ ಅವರದ್ದು, ಅದನ್ನ ನಾನು ಮುಟ್ಟಲಿಲ್ಲ."

"ನಸುಕಿನಲ್ಲಿ ಯಾಕೆ? ಊರು ಏಳೋಕೆ ಮುಂಚೆ?"

"ಆರೂವರೆಗೆ ಶಾಲೆ ಒಲೆ ಹಚ್ಬೇಕು, ಸರ್. ನೂರ ನಲವತ್ತು ಮಕ್ಕಳ ಗಂಜಿ. ತಿಂಡಿ ತಿಂದು ಹತ್ತು ಗಂಟೆಗೆ ಕೀಳೋಕೆ ನಾನೇನು ವಕೀಲಳಾ?"

ಈ ಸಲ ಎಲ್ಲರೂ ನಕ್ಕರು. ಸರ್ಕಾರಿ ವಕೀಲ ಕೂಡ ತುಟಿ ಬಿಗಿಹಿಡಿದ.

ನ್ಯಾಯಾಧೀಶೆ ಊಟದ ನಂತರ ತೀರ್ಪು ಓದಿದರು. ಒಂದೂವರೆ ಪುಟ. ಭೂಮಿಯೂ ಅದರಲ್ಲಿ ಬೇರೂರಿದ ಮರವೂ ಕಾನೂನಿನ ಪ್ರಕಾರ ಸ್ಯೂವೆಲ್ ಅವರದು, ಅದರಲ್ಲಿ ಅನುಮಾನವಿಲ್ಲ. ಹೊಕ್ಕುಳಬಳ್ಳಿ ಹೂತದ್ದರಿಂದ ಯಾರಿಗೂ ಆಸ್ತಿಯ ಹಕ್ಕು ಹುಟ್ಟುವುದಿಲ್ಲ. ಆದರೆ ಕೋರ್ಟಿನ ಮುಂದಿರುವ ಪ್ರಶ್ನೆ ಮರ ಯಾರದು ಎಂಬುದಲ್ಲ, ಕಾಯಿ ಕೀಳುವಾಗ ಆಪಾದಿತೆಯ ಮನಸ್ಸಿನಲ್ಲಿ ಏನಿತ್ತು ಎಂಬುದು. ಆಕೆ ಅದನ್ನು ಸಿಕ್ಕ ಕ್ಷಣದಲ್ಲೇ, ಯಾರ ಸಲಹೆಯೂ ಇಲ್ಲದೆ ಹೇಳಿದ್ದಾಳೆ ಎಂಬುದಕ್ಕೆ ಈಗ ಪೊಲೀಸರದೇ ಸಾಕ್ಷ್ಯವಿದೆ. ನಂಬಿಕೆ ತಪ್ಪು, ಆದರೆ ಪ್ರಾಮಾಣಿಕ. ಆರೋಪ ಸಾಬೀತಾಗಿಲ್ಲ.

ಶಾಲೆಯ ಇಬ್ಬರು ಟೀಚರುಗಳು ಹಿಂದಿನಿಂದ ಚಪ್ಪಾಳೆ ತಟ್ಟಲು ಹೋಗಿ ಜಮೇದಾರನ ಮುಖ ನೋಡಿ ಕೈ ಇಳಿಸಿದರು. ನ್ಯಾಯಾಧೀಶೆ ಕನ್ನಡಕ ತೆಗೆದಿಟ್ಟರು.

"ಮಿಸ್ ಟುಲಕ್, ನೀವು ಮನೆಗೆ ಹೋಗಬಹುದು. ಆದ್ರೆ ಒಂದು ವಿಷಯ ತಿಳ್ಕೊಂಡು ಹೋಗಿ. ಆ ಮರ ನಿಮ್ಮದಲ್ಲ ಅಂತ ಈಗ ಕೋರ್ಟೇ ನಿಮಗೆ ಹೇಳಿದೆ. ಗೊತ್ತಿರಲಿಲ್ಲ ಅಂತ ಇನ್ನು ಮೇಲೆ ನೀವು ಹೇಳೋ ಹಾಗಿಲ್ಲ. ಇನ್ನೊಂದು ಸಲ ಕಿತ್ರೆ ಅದು ಕಳ್ಳತನ. ಆಗ ಈ ದಾರಿ ಇರಲ್ಲ."

ಇಸಿಲ್ಡಾ ಕಟ್ಟೆಯ ಅಂಚು ಹಿಡಿದು ನಿಂತಿದ್ದಳು.

"ಇವತ್ತಿನವರೆಗೆ ಕಿತ್ತಿದ್ದು ಕಳ್ಳತನ ಅಲ್ಲ."

"ಅಲ್ಲ."

"ನಾಳೆಯಿಂದ ಕಿತ್ರೆ ಕಳ್ಳತನ."

"ಹೌದು."

"ಮರ ಅದೇ. ನಾನೂ ಅವಳೇ."

"ಹೌದು, ಮಿಸ್ ಟುಲಕ್," ಎಂದರು ನ್ಯಾಯಾಧೀಶೆ. ಮುಂದಿನ ಫೈಲನ್ನು ಹತ್ತಿರಕ್ಕೆಳೆದುಕೊಂಡರು.

ಮೆಟ್ಟಿಲ ಮೇಲೆ ಸ್ಯೂವೆಲ್ ಡೇಕ್ರಸ್‌ಗಾಗಿ ಕಾಯುತ್ತಿದ್ದರು. ಸಿಟ್ಟಿನ ಮುಖವಿರಲಿಲ್ಲ. ಆಯಾಸವಿತ್ತು.

"ಆಯಮ್ಮನ ಮೇಲೆ ನಂಗೆ ದ್ವೇಷ ಇಲ್ಲ, ಆಫೀಸರ್. ಕೇಳಿದ್ರೆ ಮರದ ಅರ್ಧ ಕಾಯಿ ಕೊಡ್ತಿದ್ದೆ. ಯಾರೂ ಕೇಳಲ್ಲ, ಅದೇ ನನ್ನ ಕಷ್ಟ. ತೊಂಬತ್ತು ಗುಡ್ಡೆ ಗೆಣಸು ತಗೊಂಡು ಹೋದವನ ಹೊಕ್ಕುಳಬಳ್ಳಿ ನನ್ನ ಜಮೀನಲ್ಲಿ ಇಲ್ಲ ತಾನೇ?"

"ಇಲ್ಲ, ಸರ್."

"ಅವನ ವಕೀಲ ಇವತ್ತು ಒಳಗೇ ಕೂತಿದ್ದ. ನೋಡಿದ್ರಾ?"

ಡೇಕ್ರಸ್ ನೋಡಿದ್ದ. ಬೂದು ಸೂಟಿನ ಮನುಷ್ಯ, ಎಡಗಡೆ ಎರಡನೇ ಬೆಂಚು. ತಾನು ಉತ್ತರ ಹೇಳಿದಾಗ ಅವನೂ ಏನನ್ನೋ ಬರೆದುಕೊಂಡಿದ್ದ.

ಇಸಿಲ್ಡಾ ಟೀಚರುಗಳ ಜೊತೆ ಮೆಟ್ಟಿಲಿಳಿದು ಬಂದಳು. ಡೇಕ್ರಸ್‌ನ ಪಕ್ಕ ಒಂದು ಕ್ಷಣ ನಿಂತಳು.

"ತಡವಾಗಿ ಬರ್ಕೊಂಡೆ, ಮಗ," ಎಂದಳು. "ಆದ್ರೂ ಬರ್ಕೊಂಡೆ."

ಸ್ಯೂವೆಲ್ ಅವಳಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದರು. ಅವಳು ಅವರ ಮುಖ ನೋಡದೆ, ಆದರೆ ಟೋಪಿಯ ಅಂಚಿಗೆ ಬೆರಳು ತಾಗಿಸಿ ಮುಂದೆ ಹೋದಳು.

ಡಿಸೆಂಬರ್ ಒಂಬತ್ತರಂದು ಗ್ಲಾಸ್‌ಫರ್ಡ್‌ನ ಕೇಸು ಅದೇ ಕೋರ್ಟಿನಲ್ಲಿ ವಿಚಾರಣೆಗೆ ಬಂತು. ಬೂದು ಸೂಟಿನ ವಕೀಲನ ಮೊದಲ ಪ್ರಶ್ನೆ: "ಕಾರ್ಪೊರಲ್, ಈ ಪುಸ್ತಕದಲ್ಲಿ ಈ ಸಲ ಪೂರ್ತಿ ವಾಕ್ಯ ಇದೆಯಾ, ಅರ್ಧವಾ?" ಪೂರ್ತಿ ಇದೆ ಎಂದು ಡೇಕ್ರಸ್ ಹೇಳಿದ. ಅದು ನಿಜವೂ ಆಗಿತ್ತು. ಗೆಣಸು ಯಾವ ಗುಡ್ಡದ್ದೆಂದು ಸಾಧಿಸುವ ಬೇರೆ ಸಾಕ್ಷ್ಯವಿರಲಿಲ್ಲ. ಆ ಒಂದು ಪುಸ್ತಕದ ಮೇಲೆ ಶಿಕ್ಷೆ ಕೊಡುವುದು ಸುರಕ್ಷಿತವಲ್ಲವೆಂದು ಅದೇ ನ್ಯಾಯಾಧೀಶೆ ಕೇಸು ವಜಾ ಮಾಡಿದರು. ಗ್ಲಾಸ್‌ಫರ್ಡ್ ಸಂಜೆಯ ಹೊತ್ತಿಗೆ ಪೊಲೀಸ್ ಅಂಗಳದಿಂದ ವ್ಯಾನು ಬಿಡಿಸಿಕೊಂಡು ಹೋದ. ಬಾಡಿ ಒಣಗಿದ ಗೆಣಸಿನ ಎರಡು ಗೆಡ್ಡೆ ಇನ್ನೂ ಹಿಂದಿನ ಸೀಟಿನ ಕೆಳಗಿದ್ದವು.

ಜನವರಿಯಲ್ಲಿ ಇಸಿಲ್ಡಾಳ ಪೊಲೀಸ್ ಪ್ರಮಾಣಪತ್ರ ಬಂತು. ಅದರಲ್ಲಿ ಯಾವ ಅಪರಾಧವೂ ನಮೂದಾಗಿರಲಿಲ್ಲ. ಉಗ್ರಾಣದ ಬೀಗದಕೈ ಅವಳ ಸೊಂಟದಲ್ಲೇ ಉಳಿಯಿತು.

ಮುಂದಿನ ಜೂನ್‌ನಲ್ಲಿ ಮರ ಮತ್ತೆ ಕಾಯಿ ಬಿಟ್ಟಿತು. ಬೆಳಗಿನ ಪಾಳಿಯಲ್ಲಿದ್ದ ಡೇಕ್ರಸ್ ಮೇಲಿನ ರಸ್ತೆಯಲ್ಲಿ ಮೂರು ವಾರ ಅವಳನ್ನು ಕಾಣಲಿಲ್ಲ. ಆಮೇಲೆ ತಿಳಿಯಿತು: ಅವಳು ಚರ್ಚಿನ ಹಿಂದಿನ ಇಳಿಜಾರಿನಿಂದ ಸುತ್ತುಬಳಸಿ ಶಾಲೆಗೆ ಹೋಗುತ್ತಿದ್ದಳು. ಆ ದಾರಿಯಿಂದ ಮರ ಕಾಣುವುದಿಲ್ಲ. ಇಪ್ಪತ್ತು ನಿಮಿಷ ಹೆಚ್ಚು ಹಿಡಿಯುತ್ತದೆ, ಹಾಗಾಗಿ ಐದೂವರೆಗೇ ಮನೆ ಬಿಡುತ್ತಿದ್ದಳು.